ಗರಿ ಮುಟ್ಟಿದಾಗ ಹೇಳು

ಈ ಕಥೆಯನ್ನು ಚೆನ್ನಾಗಿ ಹೇಳಲು ನನಗೆ ಬಾರದು, ಮನ್ನಿಸಬೇಕು. ಹಿಂದುಮುಂದಾದರೆ ತಿದ್ದಿಕೊಂಡು ಓದಿ.

ಹೊಳೆಯ ದಂಡೆಯ ಆಶ್ರಮದಲ್ಲಿ ಮುಪ್ಪಿನಯ್ಯನೆಂಬ ಗುರುಗಳು ಕುಷ್ಠರೋಗಿಗಳಿಗೆ ಮದ್ದು ಕೊಡುತ್ತಿದ್ದರು. (ಕುಷ್ಠ ತಗುಲಿದ ಚರ್ಮಕ್ಕೆ ಸ್ಪರ್ಶ ತಿಳಿಯದು. ಅದಕ್ಕೇ ಬಂದವರ ಕಣ್ಣು ಮುಚ್ಚಿಸಿ, ಕೊಕ್ಕರೆಯ ಗರಿಯಿಂದ ಸವರಿ, "ಮುಟ್ಟಿದಾಗ ಹೇಳು" ಎನ್ನುತ್ತಿದ್ದರು. ರೋಗ ಬೇಗ ತಿಳಿದರೆ ಬೇಗ ವಾಸಿ.)

ಶಿಷ್ಯ ಕೊಟ್ರಯ್ಯ ಬಲು ಓದಿದವನು. ಜನ ರೋಗ ಮುಚ್ಚಿಟ್ಟು ಊರಿಗೆಲ್ಲ ಹಂಚುತ್ತಾರೆಂದು ಅವನಿಗೆ ಕೋಪ. ಅರಸನಿಗೆ ಓಲೆ ಬರೆದು ಒಂದು ಕಟ್ಟಳೆ ಮಾಡಿಸಿದ.

ರೋಗವಿದೆಯೆಂದು ತಿಳಿದೂ ಮುಚ್ಚಿಟ್ಟವನಿಗೆ ಸೆರೆ. ತಿಳಿಯದವನಿಗೆ ಕ್ಷಮೆ.

(ರೋಗವಿದೆಯೆಂದು ಹೇಳಿಕೊಂಡವನನ್ನು ಊರು ಮೊದಲಿನಿಂದಲೂ ಹೊರಗಟ್ಟುತ್ತಿತ್ತು. ಅದರ ಬಗ್ಗೆ ಕಟ್ಟಳೆಯಲ್ಲಿ ಏನೂ ಇರಲಿಲ್ಲ.)

ಮೂರು ತಿಂಗಳಲ್ಲಿ ಆಶ್ರಮದ ಜಗಲಿ ಬರಿದಾಯಿತು.

"ನೋಡಿದಿರಾ ಅಯ್ಯನವರೇ! ಒಬ್ಬ ರೋಗಿಯೂ ಇಲ್ಲ. ಕಟ್ಟಳೆಗೆ ಹೆದರಿ ರೋಗವೇ ಊರು ಬಿಟ್ಟಿತು."

"ಹೌದೌದು. ಕುಷ್ಠಕ್ಕೆ ಓದಲು ಬರುತ್ತದೆ ನೋಡು, ನಿನ್ನ ಓಲೆ ಓದಿಕೊಂಡು ಗಂಟುಮೂಟೆ ಕಟ್ಟಿತು." ಗುರುಗಳು ಹಣೆ ಚಚ್ಚಿಕೊಂಡರು. "ರೋಗ ನಿಂತಿತೋ, ಬರುವವರು ನಿಂತರೋ? ಎಷ್ಟು ಸಲ ಕೇಳಲೋ ನಿನ್ನನ್ನು?"

"ನಿಮಗೆ ಯಾವುದೂ ಒಪ್ಪಿಗೆಯಿಲ್ಲ" ಎನ್ನುತ್ತ ಕೊಟ್ರಯ್ಯ ಒಲೆಯ ಮೇಲಿನ ಕಷಾಯದ ಮಡಕೆ ಇಳಿಸಿದ.

"ಏ ಕೊಟ್ರಾ! ಕಾಲು! ಕೆಂಡದ ಮೇಲೆ ನಿಂತಿದ್ದೀಯಲ್ಲೋ!"

ಅವನು ಕೆಳಗೆ ನೋಡಿದ. ಕಿರುಬೆರಳ ಬಳಿ ಚರ್ಮ ಸುಟ್ಟು ಹೊಗೆಯೇಳುತ್ತಿತ್ತು. ಮೂಗಿಗೆ ವಾಸನೆ ತಿಳಿಯಿತು. ಕಾಲಿಗೆ ಏನೂ ತಿಳಿಯಲಿಲ್ಲ.

ಗುರುಗಳು ಸೂರಿಗೆ ಸಿಕ್ಕಿಸಿದ್ದ ಗರಿ ತೆಗೆದರು.

"ಕುಳಿತುಕೋ. ಕಣ್ಣು ಮುಚ್ಚು."

ಕೊಟ್ರಯ್ಯ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ಬೇಡ ಅಯ್ಯನವರೇ. ಕೆಂಡ ಆರಿತ್ತು."

"ಆರಿದ ಕೆಂಡಕ್ಕೆ ಹೊಗೆಯೇನೋ?"

"ನಿಮ್ಮ ಪಾದ ಹಿಡಿಯುತ್ತೇನೆ, ಬೇಡ. ನೀವು ಮುಟ್ಟಿದ್ದು ತಿಳಿಯದೆ ಹೋದರೆ... ನನಗೆ ತಿಳಿದುಬಿಡುತ್ತದೆ."

ಗುರುಗಳು ಗರಿಯನ್ನು ಅವನ ಕೈಗೇ ಕೊಟ್ಟರು.

(ಏಕೆ ಕೊಟ್ಟರೆಂದರೆ, ಕಟ್ಟಳೆ ಹಿಡಿಯುವುದು ತಿಳಿದವನನ್ನು ಮಾತ್ರ, ಆದ್ದರಿಂದ ಜನ ಮೊದಲು... ಇರಿ, ಒಳಗಿನಿಂದ ಕರೆಯುತ್ತಿದ್ದಾರೆ. ಗುರುಗಳು ಅಂದದ್ದನ್ನಷ್ಟು ಹೇಳಿ ಏಳುತ್ತೇನೆ.)

"ಸರಿ, ಹೋಗು. ಊರಿನಲ್ಲಿ ಇನ್ನೊಬ್ಬನಿಗೆ ವಾಸಿಯಾಯಿತೆಂದು ಅರಸನಿಗೆ ಬರೆ."