ರಕಾರದ ರುಮಾಲು

ಗುರು ಮೌನಾಚಾರಿಗಳ ಆಶ್ರಮ ಹೊಳೆಯ ದಡದಲ್ಲಿತ್ತು. ಅಲ್ಲಿ ಮಣಿ ಎಣಿಸುವ ಜಪ ಇರಲಿಲ್ಲ. ಮರದಲ್ಲಿ ಅಚ್ಚಿನ ಮೊಳೆ ಕೆತ್ತುವುದು, ಮೊಳೆ ಜೋಡಿಸಿ ಸಾಲು ಕಟ್ಟುವುದು, ಅದೇ ಜಪ.

ಗುರುಗಳು ಕೆತ್ತಿದ ‘ಹಾವು’ ಎಂಬ ಎರಡಕ್ಷರ ಕಂಡು ಮುಂಗುಸಿ ಓಡಿಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಅಲ್ಲಿನ ಅಂಬಿಗ. ಶಾಲೆಯ ಮೆಟ್ಟಿಲು ಹತ್ತದ ನನಗೆ ಅಕ್ಷರ ಬಂದದ್ದು ಆ ಮೊಳೆಗಳಿಂದಲೇ. ಅದಕ್ಕೇ ಹಿಂದುಮುಂದಾದ ಅಕ್ಷರ ಓದುವುದರಲ್ಲಿ ಇವತ್ತಿಗೂ ನನಗೆ ಸಮನಿಲ್ಲ.

ಅವರ ಶಿಷ್ಯ ನಾಗಲಿಂಗ. ಈಗ ನೀವು ಬಸ್ಸಿನ ಮೇಲೆ ಓದುತ್ತೀರಲ್ಲ, ಆ ಸಾದಾ ಅಕ್ಷರಕ್ಕೆ ಅಪ್ಪ ಅವನೇ ಅಂತ ಆಣೆ ಹಾಕಿ ಹೇಳಬಲ್ಲೆ.

ತನ್ನದೇ ಮೊಳೆಗಳಲ್ಲಿ ಅವನು ಜೋಡಿಸಿದ ಸಾಲಿಗೆ ಗುರುಗಳು ಒಪ್ಪಿದರೆ, ಅವರ ಉಳಿ ಅವನದು. ಹನ್ನೆರಡು ವರ್ಷದಿಂದ ಅವನ ಕಣ್ಣು ಆ ಉಳಿಯ ಮೇಲೆ.

ಗುರುಗಳ ಅಕ್ಷರಕ್ಕೆ ಹೊಟ್ಟೆ ದಪ್ಪ, ಸೊಂಟ ಸಣ್ಣ, ಬಾಲದಲ್ಲಿ ಸುಳಿ. ನಾಗಲಿಂಗ ಸುಳಿ ತೆಗೆದ.

“ಒಳ್ಳೇದು,” ಅಂದರು ಗುರುಗಳು.

ಇಡೀ ಅಕ್ಷರವನ್ನು ಒಂದೇ ಗಾತ್ರದ ಗೆರೆಗೆ ತಂದ.

“ಇನ್ನೂ ಒಳ್ಳೇದು.”

ಶಿಷ್ಯ ಉಬ್ಬಿದ. ತಲೆಕಟ್ಟುಗಳನ್ನೂ ಹಾರಿಸಿಬಿಟ್ಟ. “ಗುರುಗಳೇ, ಏಳು ತಲೆಮಾರು ತೊಡಿಸಿದ ಒಡವೆ ನಾನೊಬ್ಬನೇ ಬಿಚ್ಚಿದೆ. ಉಳಿ ಕೊಡಿ.”

“ದೋಣಿಗಟ್ಟೆಗೆ ಫಲಕ ಬೇಕಂತೆ. ‘ಸಂಜೆ ೫ರ ದೋಣಿ’ ಅಂತ ಜೋಡಿಸು. ಆಮೇಲೆ ನೋಡೋಣ.”

ಜೋಡಿಸಿದ, ಒತ್ತಿದ, ದಡದಲ್ಲಿ ಅಂಟಿಸಿದ.

ಮಾರನೇ ದಿನ ಮದುವೆ ದಿಬ್ಬಣ ಬಂತು. ಆಚೆ ದಡದಲ್ಲಿ ಗೋಧೂಳಿ ಮುಹೂರ್ತ. ಐದಕ್ಕೆ ನಾನು ಕೂಗಿದೆ. “ಹತ್ತಿರಪ್ಪಾ, ಇವತ್ತಿಗೆ ಇದೇ ಕೊನೆ!”

ಮದುಮಗನ ಸೋದರಮಾವ ಎಲೆಅಡಿಕೆ ಜಗಿಯುತ್ತ ನಕ್ಕ. “ಹೋಗಯ್ಯಾ, ಇನ್ನೂ ನಲವತ್ತೊಂಬತ್ತು ಇವೆಯಲ್ಲ.”

ತಿರುಗಿ ಫಲಕ ನೋಡಿದೆ. ತಲೆಕಟ್ಟು ಹೋದ ರ ಸೊನ್ನೆಯಾಗಿ ಕೂತಿತ್ತು. ‘ಸಂಜೆ ೫೦ ದೋಣಿ.’

ಇದ್ದದ್ದು ನನ್ನದೊಂದೇ ದೋಣಿ. ಅದು ಐವತ್ತಕ್ಕೆ ಸಮ, ಆ ಮಾತು ಬೇರೆ. ಬೈದು ಹತ್ತಿಸಿಕೊಂಡು ನಾಲ್ಕೇ ಹುಟ್ಟಿಗೆ ಹೊಳೆ ದಾಟಿಸಿ ಮುಹೂರ್ತ ಉಳಿಸಿದೆ. ಆ ರಭಸಕ್ಕೆ ಮೀನು ಹಾರಿ ಚಪ್ಪರದೊಳಗೆ ಬಿದ್ದವು.

ಸುದ್ದಿ ಕೇಳಿ ನಾಗಲಿಂಗ ಗುರುಗಳ ಮುಂದೆ ತಲೆ ತಗ್ಗಿಸಿ ಕೂತ. “ಎಲ್ಲ ಒಡವೆ ಮತ್ತೆ ತೊಡಿಸುತ್ತೇನೆ. ಸುಳಿಯನ್ನೂ.”

ಗುರುಗಳು ತಮ್ಮ ರುಮಾಲು ಬಿಚ್ಚಿ ನೆಲದ ಮೇಲಿಟ್ಟರು. ಬೋಳುತಲೆ ಮಿರುಗಿತು.

“ಈಗ ನಾನು ಯಾರೋ?”

“ಮೌನಾಚಾರಿಗಳೇ.”

ತಲೆಕಟ್ಟಿಲ್ಲದ ರಕಾರದ ಮೊಳೆ ಎತ್ತಿ ಹಿಡಿದರು. “ಇದು?”

“ಸೊನ್ನೆ.”

ನಾಗಲಿಂಗ ಆ ಮೊಳೆಯನ್ನು ಕೈಗೆ ತೆಗೆದುಕೊಂಡು ಕೇಳಿದ. “ಯಾವುದು ಒಡವೆ, ಯಾವುದು ತಲೆ ಅಂತ ಗೊತ್ತಾಗುವುದು ಹೇಗೆ ಗುರುಗಳೇ?”

ಗುರುಗಳು ಉಳಿಯನ್ನು ಅವನ ಅಂಗೈಯಲ್ಲಿಟ್ಟರು.

“ತೆಗೆದು ನೋಡು ಮಗಾ. ಆಮೇಲೆ ಹಳೇ ಹೆಸರು ಹಿಡಿದು ಕೂಗು. ಓಗೊಟ್ಟರೆ, ತೆಗೆದದ್ದು ಒಡವೆ.”