ನಡುಗಡ್ಡೆಯ ಹೊಸ ನಿಯಮ

ಹಾವಿಲ್ಲದ ನಡುಗಡ್ಡೆಯಲ್ಲಿ ಗೂಡು ನೇಯಬಲ್ಲವರಿಗೆ ಜಾಗವುಂಟೆಂದು ಕೇಳಿ ಗೀಜಗ ಹಕ್ಕಿಯೊಂದು ಕಾವಲಿನ ಕೊಕ್ಕರೆಯ ಮುಂದೆ ಬಂದು ನಿಂತಿತು.

"ನಿಯಮ ಬದಲಾಗಿದೆ. ಇನ್ನು ಮರ ಕೊರೆಯುವವರಿಗೆ ಮಾತ್ರ ಪ್ರವೇಶ," ಎಂದಿತು ಕೊಕ್ಕರೆ.

ಗೀಜಗ ಕೊಕ್ಕು ಸವೆಯುವಷ್ಟು ಕೊರೆದು ಆ ವಿದ್ಯೆ ಕಲಿತು ಬಂತು.

"ಈಗ ಮೀನು ಹಿಡಿಯುವವರು ಬೇಕಾಗಿದ್ದಾರೆ," ಎಂದಿತು ಕೊಕ್ಕರೆ.

ಗೀಜಗ ನೀರಿಗೆ ಧುಮುಕುವುದನ್ನೂ ಕಲಿಯಿತು. ಮರಳಿ ಬಂದಾಗ ದಡದ ತುಂಬ ಹಕ್ಕಿಗಳು ಸದ್ದಿಲ್ಲದೆ ಕಾಯುತ್ತಿದ್ದವು. ಎಲ್ಲದರ ಕೊಕ್ಕೂ ಸವೆದು, ರೆಕ್ಕೆ ಒದ್ದೆಯಾಗಿ, ಯಾವುದು ಯಾವ ಹಕ್ಕಿಯೆಂದು ಗುರುತೇ ಸಿಗುತ್ತಿರಲಿಲ್ಲ.

"ನೀವು ಯಾವ ಹಕ್ಕಿ, ಅಣ್ಣಾ?" ಎಂದು ಅದು ಪಕ್ಕದ ಹಕ್ಕಿಯನ್ನು ಕೇಳಿತು.

"ಮರೆತುಹೋಗಿದೆ ತಮ್ಮಾ. ನೀನು?"

ತಾನು ಯಾವ ಹಕ್ಕಿಯೆಂದು ನೆನಪಿಸಿಕೊಳ್ಳಲು ಗೀಜಗ ತನ್ನ ಸವೆದ ಕೊಕ್ಕನ್ನೂ ಒದ್ದೆ ರೆಕ್ಕೆಗಳನ್ನೂ ಮತ್ತೆ ಮತ್ತೆ ನೋಡಿಕೊಂಡಿತು. ಅಷ್ಟರಲ್ಲಿ ಕೊಕ್ಕರೆ ಹೊಸ ನಿಯಮ ಸಾರತೊಡಗಿತು. ದಡದ ಹಕ್ಕಿಗಳೆಲ್ಲ ಒಟ್ಟಿಗೆ ಕತ್ತೆತ್ತಿದವು. ಗೀಜಗವೂ ಎತ್ತಿತು.