ಉತ್ತಯ್ಯ ಬೈಕು ಮಾರಿದ ಬಗೆ

"ಗುರುಗಳೇ, ಒಬ್ಬರನ್ನು ಗುರುವೆಂದು ಒಪ್ಪಿಕೊಳ್ಳುವ ಮುನ್ನ ಅವರನ್ನು ಚೆನ್ನಾಗಿ ಪರೀಕ್ಷಿಸಿ ನೋಡಬೇಕೋ, ಬೇಡವೋ?" ಎಂದು ಶಿಷ್ಯ ನಿರಂಜನ ಕೇಳಿದ.

"ನೋಡಲೇಬೇಕು," ಎಂದರು ಗುರುಗಳು. "ಒಬ್ಬ ನರ್ಸು ಬೈಕು ಕೊಳ್ಳಲು ಹೋದ ಕತೆ ಹೇಳುತ್ತೇನೆ, ಕೇಳು."

ಗಿರಿಜಾಮಣಿ ಎಂಬ ನರ್ಸು ಇದ್ದಳು. ಬೆಟ್ಟದ ಮೇಲಿನ ಐದು ಗಿರಿಜನ ಹಾಡಿಗಳ ಮಕ್ಕಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಅವಳ ಸ್ಕೂಟರು ಹಳ್ಳದವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದಾಚೆ ಬರೀ ಕಲ್ಲು, ಏರು, ಕೊರಕಲು. ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯಬೇಕು. ದಿನಕ್ಕೆ ಒಂದು ಹಾಡಿ ಮುಟ್ಟಿದರೆ ಹೆಚ್ಚು. ಒಮ್ಮೆ ದಾರಿಯಲ್ಲೇ ಮಂಜುಗಡ್ಡೆ ಕರಗಿ ಪೆಟ್ಟಿಗೆಯಲ್ಲಿದ್ದ ಲಸಿಕೆಯೆಲ್ಲ ಹಾಳಾಯಿತು. ಬೆಳಗಿನಿಂದ ಕಾದಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹಾಗೇ ಹಿಂದಿರುಗಿದರು. ಅಂದು ಬೆಟ್ಟ ಇಳಿಯುವಾಗಲೇ ಅವಳು ತೀರ್ಮಾನಿಸಿದಳು. ಈ ದಾರಿ ಹತ್ತುವಂಥ ಬೈಕು ತನಗೆ ಬೇಕು.

ಹೊಸದು ಅವಳ ಕೈಗೆಟುಕುವಂತಿರಲಿಲ್ಲ. ಹಳೆಯದನ್ನು ಹುಡುಕಿದಳು. ತೀರ ದೊಡ್ಡದಾದರೆ ಕೊರಕಲಿನಲ್ಲಿ ತಿರುಗದು, ತೀರ ಚಿಕ್ಕದಾದರೆ ಹೊರೆ ಹೊತ್ತು ಏರು ಹತ್ತದು. ನಡುವಿನದೇ ಆಗಬೇಕು. ಕೊನೆಗೆ ಉತ್ತಯ್ಯ ಎಂಬವರ ಬಳಿ ಅಂಥದೊಂದು ಇದೆಯೆಂದು ತಿಳಿಯಿತು. ಅವರು ಮೂವತ್ತು ವರ್ಷ ಬೆಟ್ಟಗಳಲ್ಲಿ ಬೈಕು ಓಡಿಸಿದವರು. ಬೆಲೆಯ ಮಾತು ಫೋನಿನಲ್ಲೇ ಮುಗಿಯಿತು. ಬೈಕು ನೋಡಲು ಹೋಗುವ ಹಿಂದಿನ ದಿನ ಅವಳಿಗೆ ಊಟವೇ ಸೇರಲಿಲ್ಲ. ಮೆಕ್ಯಾನಿಕ್ ಒಬ್ಬನನ್ನು ಕೇಳಿ, ನೋಡಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಳು.

ಬೆಳಗ್ಗೆ ಉತ್ತಯ್ಯನವರ ಅಂಗಳದಲ್ಲಿ ಬೈಕು ನಿಂತಿತ್ತು. ಅವಳು ಮೊದಲು ಎಂಜಿನ್ ಮುಟ್ಟಿದಳು. ತಣ್ಣಗಿತ್ತು. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ಮೆಕ್ಯಾನಿಕ್ ಎಚ್ಚರಿಸಿದ್ದ. ಸ್ಟಾರ್ಟ್ ಒತ್ತಿದಳು. ಒಂದೇ ಸಲಕ್ಕೆ ಚಾಲೂ ಆಯಿತು. ಹೊಗೆ ನೋಡಿದಳು, ಚೈನು ನೋಡಿದಳು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಿದಳು. ಮುಂದಿನ ಕಂಬಿಯೊಂದು ಬಾಗಿತ್ತು.

"ಬಿದ್ದಿದೆಯಾ ಸರ್?"

"ಎರಡು ಸಲ ಸಿಸ್ಟರ್. ನಾನೇ ಬೀಳಿಸಿದ್ದು. ಎರಡನೆಯ ಸಲ ನನ್ನ ಮೊಣಕಾಲು ಹೋಯಿತು. ಅದಕ್ಕೇ ಮಾರುತ್ತಿರುವುದು."

ಅವಳು ಮನೆಯ ಹಿಂದಿನ ಗುಡ್ಡಕ್ಕೆ ಹತ್ತಿಸಿ ನೋಡಿದಳು. ಕಲ್ಲುಗಳು ಚಕ್ರದಡಿ ಸಿಕ್ಕಿ ಹಿಂದೆ ಹಾರುತ್ತಿದ್ದವು, ಬೈಕು ಮಾತ್ರ ನಿಲ್ಲದೆ ಹತ್ತಿತು. ಇಷ್ಟು ವರ್ಷ ತಾನು ಏದುಸಿರು ಬಿಡುತ್ತ ಹತ್ತಿದ ಏರುಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಒಂದೇ ದಿನದಲ್ಲಿ ಐದು ಹಾಡಿಗಳು. ಗುಡ್ಡದ ನೆತ್ತಿಯ ಮೇಲೆ ನಿಂತು ಅವಳು ಒಬ್ಬಳೇ ನಕ್ಕಳು. ಇಳಿದು ಬಂದು ಬೈಕನ್ನು ಅಂಗಳದಲ್ಲಿ ನಿಲ್ಲಿಸಿದಳು.

"ನನ್ನ ಪರೀಕ್ಷೆ ಮುಗಿಯಿತು ಸರ್. ತೆಗೆದುಕೊಳ್ಳುತ್ತೇನೆ," ಎಂದಳು.

"ನನ್ನದು ಇನ್ನೂ ಆಗಿಲ್ಲ," ಎಂದರು ಉತ್ತಯ್ಯ. ನಿಂತಿದ್ದ ಬೈಕನ್ನು ಬಲಕ್ಕೆ ತಳ್ಳಿಬಿಟ್ಟರು. ಅದು ಹುಲ್ಲಿನ ಮೇಲೆ ದೊಪ್ಪೆಂದು ಬಿತ್ತು. "ಎತ್ತಿ ನಿಲ್ಲಿಸಿ."

ಗಿರಿಜಾಮಣಿ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಹ್ಯಾಂಡಲ್ ಹಿಡಿದು ಎಳೆದಳು. ಗೇಣು ಮೇಲೆದ್ದು ಮತ್ತೆ ಬಿತ್ತು. ಇನ್ನೊಮ್ಮೆ ಎಳೆದಳು. ಮೂರನೆಯ ಸಲ ಅಲುಗಲೂ ಇಲ್ಲ. ಉತ್ತಯ್ಯ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. ಅವರು ನೆರವಿಗೆ ಬರಲಿಲ್ಲ. ಕೈಗೆ ಬಂದ ಬೈಕು ಜಾರಿಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ದುಃಖವೂ ಬಂತು, ಸಿಟ್ಟೂ ಬಂತು. ಬೀಳದ ಹಾಗೆ ಓಡಿಸುತ್ತೇನೆ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದಳು. ಆದರೆ ಹಾಡಿಗಳ ದಾರಿ ಅವಳಿಗೆ ಗೊತ್ತಿತ್ತು, ಅಲ್ಲಿ ಬೀಳದೆ ಇರಲಾಗದು.

"ನನಗೆ ಬರುವುದಿಲ್ಲ ಸರ್. ಹೇಳಿಕೊಡಿ," ಎಂದಳು.

ಉತ್ತಯ್ಯ ಕೂಡಲೇ ಎದ್ದರು, ಮೊಣಕಾಲಿನ ನೋವೂ ಮರೆತವರಂತೆ. ಮೊದಲು ಸ್ಟ್ಯಾಂಡ್ ಇಳಿದಿದೆಯೇ ಎಂದು ನೋಡಲು ಹೇಳಿದರು. ಗೇರಿಗೆ ಹಾಕಿಸಿದರು. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂರಿಸಿದರು. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಸೀಟಿನ ಹಿಂದಿನ ಕಂಬಿಗೆ. "ಕೈಯಿಂದ ಎಳೆಯಬೇಡಿ ಸಿಸ್ಟರ್, ಕಾಲಿನಿಂದ ನೆಲ ಒತ್ತಿ." ಅವಳು ಒತ್ತಿದಳು. ಬೆನ್ನ ಹಿಂದೆ ಅಷ್ಟೂ ಭಾರ ಮೇಲೆದ್ದಿತು. ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಹಿಂದೆ ಸರಿದಳು. ಬೈಕು ನಿಂತುಬಿಟ್ಟಿತು. ಅವಳಿಗೇ ನಂಬಿಕೆ ಬರಲಿಲ್ಲ. ತಾನೇ ಅದನ್ನು ಬೀಳಿಸಿ, ಇನ್ನೆರಡು ಸಲ ಎತ್ತಿದಳು.

ಉತ್ತಯ್ಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು. "ನಿಮಗಿಂತ ಮುಂಚೆ ನಾಲ್ಕು ಜನ ಬಂದಿದ್ದರು. ಎತ್ತಲಾಗದಿದ್ದಾಗ ಒಬ್ಬ ಬೈಕನ್ನು ಬೈದ. ಒಬ್ಬ ನನ್ನನ್ನು ಬೈದ. ಇಬ್ಬರು ತಾವು ಬೀಳುವವರೇ ಅಲ್ಲ ಎಂದರು. ನಾಲ್ವರನ್ನೂ ಹಿಂದಕ್ಕೆ ಕಳಿಸಿದೆ," ಎಂದರು.

ಮರುವಾರ ಗಿರಿಜಾಮಣಿ ಐದೂ ಹಾಡಿಗಳನ್ನು ಒಂದೇ ದಿನದಲ್ಲಿ ಮುಗಿಸಿದಳು. ನಡುವೆ ಒಮ್ಮೆ ಬಿದ್ದಳು, ಎತ್ತಿ ನಿಲ್ಲಿಸಿ ಮುಂದೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನ ತಲೆದೂಗಿದ. "ಅಂದರೆ ಅವಳು ಬೈಕನ್ನು ಎತ್ತಿದಾಗ ಉತ್ತಯ್ಯನವರ ಪರೀಕ್ಷೆಯಲ್ಲಿ ಗೆದ್ದಳು."

"ಇಲ್ಲ, ಹೇಳಿಕೊಡಿ ಎಂದಾಗ ಗೆದ್ದಳು. ನೀನು ಏಳು ತಿಂಗಳಿಂದ ನನ್ನನ್ನು ಪರೀಕ್ಷಿಸುತ್ತಿದ್ದೀಯೆ ನಿರಂಜನ, ಆ ಒಂದು ಮಾತನ್ನು ಇನ್ನೂ ಆಡಿಲ್ಲ."